ಇನ್ನೂರ ಇಪ್ಪತ್ತು

ಮಲ್ಪೆಯ ಐಸ್ ಪ್ಲಾಂಟಿನ ಹೊಸ ಕಂಪ್ಯೂಟರು
ಬಹಳ ಸಭ್ಯ.
ಉಪ್ಪುನೀರಿನ ಟ್ಯಾಂಕು ಬೆಚ್ಚಗಾದರೆ
ಪರದೆಯ ಮೂಲೆಗೆ ಒಂದು ಕೆಂಪು ಚೌಕ ಬಂದು
ದೊಡ್ಡವರ ಮಾತಿನ ನಡುವೆ ಸಿಕ್ಕಿಕೊಂಡ ಮಗುವಿನ ಹಾಗೆ
ನಿಂತು ಕಾಯುತ್ತದೆ.
ಸದ್ದಿಲ್ಲ.

ಹೋದ ಶನಿವಾರ ಹಾಗೆ ಕಾದದ್ದು
ರಾತ್ರಿ ಎರಡೂಕಾಲಿನಿಂದ ನಾಲ್ಕೂವರೆಯವರೆಗೆ.
ಬೆಳಿಗ್ಗೆ ಅಚ್ಚಿನಿಂದ ಎತ್ತಿದರೆ
ಮುನ್ನೂರು ಗಡ್ಡೆಗಳ ಹೊಟ್ಟೆಯಲ್ಲೂ ನೀರು.
ದಕ್ಕೆಯಲ್ಲಿ ಬೋಟುಗಳು ಹಾರ್ನು ಹೊಡೆದವು
(ಅವಕ್ಕಾದರೂ ಹಾರ್ನು ಉಂಟಲ್ಲ).
ಮೋನಪ್ಪ ತಿಂಗಳಾಯರು ನಿದ್ದೆ ಮಾಡಿದ್ದರು ಎಂದು
ಧಣಿ ರಿಜಿಸ್ಟರಿನಲ್ಲಿ ಬರೆದರು.

"ನಿದ್ದೆ ಅಲ್ಲ ಮಾರಾಯ್ರೆ," ನನ್ನೊಡನೆ ಹೇಳಿದರು,
"ಕಂಪ್ರೆಸರಿಗೆ ಎಣ್ಣೆ ಬಿಡ್ತಾ ಇದ್ದೆ.
ಬೆನ್ನಿಗೆ ಕಣ್ಣು ಉಂಟಾ?
ಹಳೆಯದ್ದಾದರೆ ಕೂಗ್ತಿತ್ತು."

ಕೂಗುತ್ತಿತ್ತು, ಹೌದು.
ಮೆಮೊರಿ ಸಡಿಲವಾದರೆ ಮೂರು ಸಲ,
ಕೀಬೋರ್ಡಿನ ಮೇಲೆ ಬೆಕ್ಕು ಮಲಗಿದರೆ ನಿಲ್ಲದೆ,
ಕರೆಂಟು ಬಂದರೆ ಒಮ್ಮೆ, ಚಿಕ್ಕದಾಗಿ,
ಬಂದೆ ಎನ್ನುವ ಹಾಗೆ.
ಈಗಿನವಕ್ಕೆ ಹೊಟ್ಟೆಯೊಳಗೆ ಸ್ಪೀಕರು ಇಡುವುದಿಲ್ಲ,
ಹತ್ತು ರೂಪಾಯಿ ಉಳಿಯುತ್ತದಂತೆ.
ಮುಚ್ಚಳ ಬಿಚ್ಚಿದೆ.
ಬೋರ್ಡಿನ ಅಂಚಿನಲ್ಲಿ ನಾಲ್ಕು ಪಿನ್ನು,
ಬದಿಗೆ ಸ್ಪೀಕರ್ ಎಂದು ಸಣ್ಣ ಬಿಳಿ ಅಕ್ಷರ:
ಊಟಕ್ಕೆ ಎಲೆ ಹಾಕಿ
ಕರೆಯಲು ಮರೆತ ಮನೆ.

ಹೊರಗಿಡುವ ಸ್ಪೀಕರು ಒಂದು ಜೋಡಿ ಧಣಿ ಕೊಡಿಸಿದ್ದರಂತೆ.
ಹಗಲು ಪಾಳಿಯ ಹುಡುಗರು ಕ್ರಿಕೆಟ್ ಕಾಮೆಂಟರಿಗೆ ಒಯ್ದರು,
ಉಳಿದ ವಯರನ್ನು ಉಪ್ಪುಗಾಳಿ ತಿಂದಿತು.

ನನ್ನ ಚೀಲದಲ್ಲಿ ಹುಣಸೆ ಬೀಜದಷ್ಟು ಬಝರ್ ಇತ್ತು.
ಚುಚ್ಚಿದೆ. ಚಾಲೂ ಮಾಡಿದೆ.
ನನ್ನ ಹಲ್ಲು ಜುಮ್ಮೆಂದಿತು.
ಗೋಡೆಯ ಹಲ್ಲಿ ಟ್ಯೂಬ್‌ಲೈಟಿನ ಹಿಂದೆ ಓಡಿತು.
ತಿಂಗಳಾಯರು ಪರದೆ ನೋಡುತ್ತ ಕೇಳಿದರು:
"ಯಾವಾಗ ಕೂಗ್ತದೆ?"

ಮೂವತ್ತೊಂದು ವರ್ಷ
ಟ್ರಾಲ್ ಬೋಟಿನ ಇಂಜಿನ್ ಕೋಣೆ.
ಕಿವಿಯ ಮೇಲಿನ ಮಹಡಿ ಪೂರ್ತಿ ಬಿದ್ದುಹೋಗಿದೆ.
ಮೊಮ್ಮಗಳ ಸ್ವರ, ಕುಕ್ಕರಿನ ಸೀಟಿ,
ಎರಡೂ ಈಗ ಬರಿಯ ಕಾಣುವ ಸಂಗತಿ.
ಯಾರಿಗೂ ಹೇಳಿಲ್ಲ. ಹೇಳಿದರೆ
ರಾತ್ರಿ ಪಾಳಿಯೂ ಇಲ್ಲ.

ಕಲ್ಸಂಕದ ಅಂಗಡಿಗೆ ಹೋಗಿ ಗುಜರಿ ರಾಶಿ ಕೆದಕಿ
ಹಳೆ ಕ್ಯಾಬಿನೆಟ್ಟೊಂದರಿಂದ ಕಿತ್ತು ತಂದೆ,
ಕಾಗದದ ಎದೆಯ ಸ್ಪೀಕರು,
ಕೆಂಪು ಒಂದು ಕಪ್ಪು ಒಂದು ವಯರು.
ಖಾಲಿ ಬಿಸ್ಕತ್ತಿನ ಡಬ್ಬಿಗೆ ತೂತು ಹೊಡೆದು ಕೂರಿಸಿದೆ.
ಆಮೇಲೆ ಸ್ವರ ಇಳಿಸುತ್ತ ಹೋದೆ.

ಎರಡು ಸಾವಿರ. ಇಲ್ಲ.
ಸಾವಿರ. ತಲೆ ಅಲ್ಲಾಡಿತು.
ಎಂಟುನೂರು, ಆರುನೂರು,
"ಆಚೆಮನೆ ಬಾವಿಗೆ ಕೊಡ ಬಿದ್ದ ಹಾಗೆ, ಎಂತದೋ."
ನಾನೂರು. ಮುನ್ನೂರು.
ಮೆಟ್ಟಿಲು ಮೆಟ್ಟಿಲಾಗಿ ಒಬ್ಬ ಮನುಷ್ಯನೊಳಗೆ ಇಳಿಯುವುದು
ನನಗೆ ಅಭ್ಯಾಸವಿಲ್ಲದ ಕೆಲಸ;
ಬೆರಳು ಒಮ್ಮೆ ತಪ್ಪಿ ಒತ್ತಿತು.

ಇನ್ನೂರ ಇಪ್ಪತ್ತು.
ಡಬ್ಬಿ ಮೇಜಿನ ಮೇಲೆ ನಡುಗಿತು.
ಅವರ ಕೈ ತನ್ನಷ್ಟಕ್ಕೆ ಮೇಲೆದ್ದಿತು,
ಹಗ್ಗ ಹಿಡಿಯುವ ಕೈ.
"ಹಾಂ. ಇದು ನಮ್ಮ ಬೋಟು.
ಅಳಿವೆ ಬಾಗಿಲು ದಾಟುವಾಗ."

ಹಾಗೇ ಬಿಟ್ಟೆ.
ಬಿಲ್ಲಿನಲ್ಲಿ ಸ್ಪೀಕರ್ ಒಂದು, ಹಳೆಯದು ಎಂದು ಬರೆದೆ.
ಕಿವಿಯ ವಿಷಯ ಬರೆಯಲಿಲ್ಲ.
ಧಣಿ ಕೇಳಿ ಮುಖ ಹುಳಿ ಮಾಡಿದರು:
"ಇದೆಂತ, ಎಮ್ಮೆ ಕೂಗಿದ ಹಾಗೆ?"
ಹಳೆ ಸ್ಪೀಕರಿಗೆ ಅಷ್ಟೇ ಬರುವುದು ಎಂದೆ.

ನಿನ್ನೆ ರಾತ್ರಿ ಒಂದೂವರೆಗೆ ಫೋನು.
ಗಾಬರಿಯಲ್ಲಿ ಎತ್ತಿದೆ.
ಆ ಕಡೆ ಮಾತಿಲ್ಲ, ಡಬ್ಬಿ ಮಾತ್ರ,
ಎರಡು ಸಲ.
ಆಮೇಲೆ ತಿಂಗಳಾಯರು: "ಕೇಳಿತಾ?"
ಎಂತ ತೊಂದರೆ, ಟ್ಯಾಂಕು ಬಿಸಿಯಾಯಿತಾ, ಎಂದೆ.
"ತೊಂದರೆ ಎಂತದೂ ಇಲ್ಲ. ಸುಮ್ಮನೆ ಕೂಗಿಸಿ ನೋಡಿದೆ.
ನೀವು ಎಂತ ಹೇಳಿದಿರೋ ಗೊತ್ತಾಗಲಿಲ್ಲ.
ಇಡ್ತೇನೆ."